ಹಲಗೆಯ ನೆಲ

ಅಟೆಂಡರ್ ಬಾಗಿಲಲ್ಲಿ ನಿಂತು ಸಾಕ್ಷಿಯ ಹೆಸರನ್ನು ಮೂರನೆಯ ಸಲ ಕೂಗಿದ. ಮೊದಲ ಎರಡು ಕೂಗಿನಲ್ಲಿದ್ದ ಗತ್ತು ಇದರಲ್ಲಿ ಇರಲಿಲ್ಲ. ಸಂತೆ ಮುಗಿದ ಮೇಲೆ ಉಳಿದ ಸೊಪ್ಪು ಮಾರುವವನ ಹಾಗೆ ಕೂಗಿ, ಕಾರಿಡಾರಿನ ಬೆಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಒಳಗೆ ಬಂದು "ಯಾರೂ ಏಳ್ತಿಲ್ಲ ಸಾರ್" ಅಂದ.

ಅವಳು ತಿರುಗಿ ನೋಡಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಿಡಿದು ಗೆಣ್ಣು ದಪ್ಪವಾದ ಬೆರಳುಗಳನ್ನು ಒಂದರೊಳಗೊಂದು ಸಿಕ್ಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತೇ ಇದ್ದಳು. ಸಾಕ್ಷಿ ಹೇಳಬೇಕಿದ್ದ ಗಿರಣಿಯಣ್ಣ ಬರಲಿಲ್ಲ. ಹೋದ ಸಲವೂ ಬಂದಿರಲಿಲ್ಲ.

"ಇನ್ನೊಂದು ದಿನಾಂಕ ದಯಪಾಲಿಸಬೇಕು" ಎಂದು ವಕೀಲರು ಎದ್ದು ನಿಂತರು.

ಮೇಲ್ಮನವಿ ಮಂಡಳಿಯ ಮೂವರಲ್ಲಿ ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೇ ಕೊನೇ ಅವಕಾಶ ಅಂತ ಹೋದ ಸಲವೇ ಬರೆದಿದ್ದೀವಲ್ಲ, ವಕೀಲರೇ." ಆಮೇಲೆ ಅವಳ ಕಡೆ ತಿರುಗಿದರು. "ನೀವು ಸುಳ್ಳು ಹೇಳ್ತಿದ್ದೀರಿ ಅಂತ ಅಲ್ಲಮ್ಮ. ಆದರೆ ಈ ಹನ್ನೊಂದು ಹಾಳೆ ನೋಡಿ. ವರ್ಷಕ್ಕೊಂದು ಪರೀಕ್ಷೆ. ಪ್ರತಿಯೊಂದರಲ್ಲೂ ಕಿವಿ ಸರಿಯಿದೆ ಅಂತ ಬರೆದಿದೆ, ಕೆಳಗೆ ನಿಮ್ಮ ಯಜಮಾನರದೇ ಸಹಿ. ಇದನ್ನ ಮೀರಿ ನಾವು ಹೇಗೆ ಬರೆಯೋಣ?"

ಸಹಿ ಗಂಡನದೇ. ಕೊನೆಯ ಅಕ್ಷರದ ಬಾಲವನ್ನು ಅಷ್ಟುದ್ದ ಎಳೆಯುವವನು ಅವನೊಬ್ಬನೇ.

ಅವನು ಫಿರಂಗಿ ತಂಡದಲ್ಲಿದ್ದವನು. ಸೇನೆಯಿಂದ ಬಂದ ನಾಲ್ಕನೆಯ ವರ್ಷ, ಹಾಡುಹಗಲು, ನೆಟ್ಟಗಿನ ಹಳಿಯ ಮೇಲೆ ಮನೆಗೆ ಬರುತ್ತಿದ್ದಾಗ ಹಿಂದಿನಿಂದ ರೈಲು ಬಂತು. ಅರ್ಧ ಮೈಲಿಯಿಂದ ಶಿಳ್ಳೆ ಹಾಕುತ್ತಲೇ ಬಂದೆ, ಮನುಷ್ಯ ಸರಿಯಲೇ ಇಲ್ಲ ಎಂದು ಚಾಲಕ ಹೇಳಿಕೆ ಕೊಟ್ಟ. ಕಿವಿ ಹೋಗಿದ್ದು ಫಿರಂಗಿಯಿಂದ, ಸಾವು ಬಂದದ್ದು ಕಿವಿಯಿಂದ ಎಂದು ಅವಳು ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಳು. 'ತನ್ನದೇ ನಿರ್ಲಕ್ಷ್ಯದಿಂದ ಮೃತಪಟ್ಟಿರುತ್ತಾನೆ' ಎಂದು ಉತ್ತರ ಬಂತು. ಆ ಸಾಲನ್ನು ನೆರೆಯವರು ತಮಗೆ ಬೇಕಾದ ಹಾಗೆ ಓದಿಕೊಂಡರು. "ಮನೇಲೇನೋ ಇತ್ತೇನೋ, ಪಾಪ" ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳುವ ಹಾಗೇ ಆಡಿಕೊಂಡರು. ಪಿಂಚಣಿ ಬಂದರೆ ಇಸ್ತ್ರಿ ಬಿಡಬಹುದಿತ್ತು, ನಿಜ. ಆದರೆ ಅವಳಿಗೆ ಮೊದಲು ಅಳಿಸಬೇಕಾಗಿದ್ದುದು ಆ ಸಾಲು.

ಮನೆಯಲ್ಲಿ ಅವನನ್ನು ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲ. ಅವರ ಬಾಡಿಗೆ ಕೋಣೆ ಮಹಡಿಯ ಮೇಲಿತ್ತು, ಹಲಗೆಯ ನೆಲ. ಹಿಂದೆ ನಿಂತು ಹಿಮ್ಮಡಿ ಊರಿದರೆ ಮಾತ್ರ, ತಿರುಗಿಯೂ ನೋಡದೆ, ಕೂತಲ್ಲಿಂದಲೇ ಒಂದು ಬೆರಳು ಎತ್ತುತ್ತಿದ್ದ. "ಏನ್ರೀ, ಒಂದನೇ ಕ್ಲಾಸಿನ ಮಗು ಥರ?" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಅದು ಗಂಡ ಹೆಂಡಿರ ತಮಾಷೆಯೆಂದೇ ಅವಳು ನಾಲ್ಕು ವರ್ಷ ತಿಳಿದಿದ್ದಳು.

ತಮಾಷೆಯಲ್ಲ ಎಂದು ತಿಳಿದದ್ದು ಎರಡು ತಿಂಗಳ ಹಿಂದೆ, ಗಿರಣಿಯಣ್ಣನ ಹಿಟ್ಟಿನ ಗಿರಣಿಯಲ್ಲಿ. ಗಂಡನ ತಂಡದಲ್ಲೇ ಇದ್ದವನು, ಅವನಿಗಿಂತ ಆರು ವರ್ಷ ಹೆಚ್ಚು ದುಡಿದು ಬಂದವನು. ಮೊದಲ ವಿಚಾರಣೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಹೋಗಿದ್ದಳು. ಯಂತ್ರದ ಗದ್ದಲದಲ್ಲಿ ಇಬ್ಬರೂ ಕಿರುಚಿಯೇ ಮಾತಾಡಬೇಕಾಯಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಯಂತ್ರ ಮಾತ್ರ ನಿಲ್ಲಿಸಲಿಲ್ಲ. ಅವಳಿಗೆ ಕೊಂಚ ಬೇಸರವೂ ಆಗಿತ್ತು.

"ಪರೀಕ್ಷೆ ಕೋಣೆಯದು ಹಲಗೆ ನೆಲ, ತಂಗಿ. ಕಣ್ಣು ಮುಚ್ಚಿಸಿ ಕೂರಿಸೋರು. ಹಿಂದೆ ನಿಂತು ಇಷ್ಟೇ ಇಷ್ಟು ಗಂಟೆ ಅಲ್ಲಾಡಿಸೋರು. ಕೇಳಿದ್ರೆ ಬೆರಳು ಎತ್ತಬೇಕು. ಮೂರನೇ ವರ್ಷಕ್ಕೇ ಅವನ ಕಿವಿ ಹೋಗಿತ್ತು. ಸಾಲಿನಲ್ಲಿ ಅವನ ಪಕ್ಕದೋನು ನಾನು. ಗಂಟೆ ಆಡಿದಾಗೆಲ್ಲ ಹಿಮ್ಮಡಿ ಒತ್ತುತಿದ್ದೆ. ತಟ್ಟೋದಲ್ಲ, ತಟ್ಟಿದ್ರೆ ಡಾಕ್ಟರಿಗೂ ಕೇಳುತ್ತೆ. ಸದ್ದಾಗದ ಹಾಗೆ ಭಾರ ಬಿಟ್ಟು ಒತ್ತಬೇಕು. ಪಾದದಲ್ಲಿ ತಿಳೀತಿತ್ತು ಅವನಿಗೆ."

"ಯಾಕಣ್ಣ ಹಾಗೆ ಮಾಡಿದ್ರಿ?"

"ಕಿವಿ ಕೆಟ್ಟೋನನ್ನ ಫಿರಂಗಿ ಬಿಡಿಸಿ ಉಗ್ರಾಣಕ್ಕೆ ಹಾಕೋರು, ಕಂಬಳಿ ಮಡಚೋಕೆ. ನಮ್ಮ ತಂಡದಲ್ಲಿ ಎಲ್ಲರೂ ಎಲ್ಲರಿಗೂ ಒತ್ತುತಿದ್ವಿ. ಅದು ಮೋಸ ಅಂತ ಯಾರಿಗೂ ಅನಿಸಿರಲಿಲ್ಲ."

"ನಿಮ್ಮ ಕಿವಿಗೇನೂ ಆಗಲಿಲ್ವಾ?"

"ನನಗಾ? ಇಲಿ ಜೋಳ ಕಡಿದ್ರೂ ಕೇಳುತ್ತೆ." ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡ. "ಅಲ್ಲಿ ಬಂದು ಇದನ್ನ ಹೇಳಿದ್ರೆ ನನ್ನ ಪಿಂಚಣಿಗೂ ಸಂಚಕಾರ. ಹೋದ ಸಲ ಅದಕ್ಕೇ ಹೆದರಿದೆ. ಈ ಸಲ ಬರ್ತೀನಿ ತಂಗಿ. ಒತ್ತಿದ ಕಾಲು ಇದೇ ತಾನೇ."

ಆ ಮಾತನ್ನು ನೆಚ್ಚಿಕೊಂಡು ಎರಡು ತಿಂಗಳು ಕಳೆದಿದ್ದಳು. ಕಂಡವರೇ ಹೇಳಬೇಕು, ನೀವು ಹೇಳಿದರೆ ನಡೆಯುವುದಿಲ್ಲ ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಆದರೂ ಎದ್ದು ನಿಂತಳು. "ಸಾರ್, ಆ ಕೋಣೆ ನೆಲ ಹಲಗೆಯದು" ಅಂದಳು. ಮುಂದೆ ಹೇಗೆ ಹೇಳಿದರೆ ಹುಚ್ಚಿ ಅನ್ನಿಸಿಕೊಳ್ಳುವುದಿಲ್ಲ ಎಂದು ಹೊಳೆಯದೆ ಕೂತುಬಿಟ್ಟಳು.

ಆದೇಶ ಹೇಳಿ ಬರೆಸಲು ಐದು ನಿಮಿಷವೂ ಹಿಡಿಯಲಿಲ್ಲ. ಸಾಕ್ಷಿ ಹಾಜರಾಗಿಲ್ಲ, ದಾಖಲೆ ಸ್ಪಷ್ಟವಾಗಿದೆ, ಮೇಲ್ಮನವಿ ವಜಾ. ಮೂವರೂ ಸಹಿ ಹಾಕಿದರು. ವಕೀಲರು ಕಡತ ಕಟ್ಟುತ್ತಾ, "ಇದರ ಮೇಲೆ ಇನ್ನು ಹೋಗೋ ಜಾಗ ಇಲ್ಲಮ್ಮ. ತನ್ನ ಬುಡಕ್ಕೆ ಬಂದಾಗ ಯಾರಿಗೆ ಯಾರು ಸ್ನೇಹಿತರು, ಬಿಡಿ" ಅಂದು ಮುಂದಿನ ಪ್ರಕರಣದ ಕಾಗದ ಹುಡುಕತೊಡಗಿದರು. ಅವಳಿಗೂ ಹಾಗೇ ಅನ್ನಿಸಿತು. ಇನ್ನು ಆ ಗಿರಣಿಯ ಹಿಟ್ಟು ಮುಟ್ಟಿದರೆ ಕೇಳು ಎಂದುಕೊಂಡೇ ಹೊರಗೆ ಬಂದಳು.

ಬಾಗಿಲ ಪಕ್ಕದ ಮೊದಲ ಬೆಂಚಿನಲ್ಲೇ ಗಿರಣಿಯಣ್ಣ ಕೂತಿದ್ದ. ಕಿಟಕಿಯ ಕಡೆಗೆ ಮುಖ. ಬಿಳಿ ಅಂಗಿಯ ತೋಳಿನಲ್ಲಿ ಎರಡೆರಡು ಗೆರೆ. ಅಭ್ಯಾಸವಿಲ್ಲದ ಕೈ ಇಸ್ತ್ರಿ ಹಾಕಿದರೆ ಹಾಗಾಗುತ್ತದೆ. ಅವಳು ಎದುರಿಗೆ ಬಂದು ನಿಂತ ಮೇಲೆಯೇ ಅವನು ತಲೆ ಎತ್ತಿದ್ದು.

"ಹತ್ತಕ್ಕೇ ಬಂದೆ, ತಂಗಿ. ಬಾಗಿಲ ಗಾಜಿನಲ್ಲಿ ನಿನ್ನ ಬೆನ್ನು ಕಾಣ್ತು. ಇನ್ನೂ ನನ್ನ ಕರೆದಿಲ್ಲ." ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ತೋರಿಸಿದ. "ಎಲ್ಲ ಸಾಲಾಗಿ ಬರೆದುಕೊಂಡಿದ್ದೀನಿ. ಒಂದೂ ಬಿಡಲ್ಲ. ಕೂತ್ಕೋ, ಕರೀತಾರೆ."

ಅವಳು ಕೂರಲಿಲ್ಲ. ಅಟೆಂಡರನ ಬಳಿ ಹೋಗಿ, "ಸಾಕ್ಷಿ ಇಲ್ಲೇ ಇದ್ದಾರಪ್ಪ" ಅಂದಳು.

"ಸಹಿ ಬಿದ್ದಾಯ್ತಲ್ಲಮ್ಮ. ನಾನೇನು ಮಾಡ್ಲಿ? ಮೂರು ಸಲ ಕೂಗಿದ್ದೀನಿ, ಬೀದಿ ತುದಿಯವರಿಗೂ ಕೇಳಿರಬೇಕು" ಎಂದು ಅವನು ಮುಂದಿನವರ ಹೆಸರು ಕೂಗಿದ. ಬೆಂಚುಗಳಲ್ಲಿದ್ದ ಐದಾರು ಜನ ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಅವರಿಬ್ಬರೇ ಉಳಿದರು.

ಗಿರಣಿಯಣ್ಣ ಮತ್ತೆ ಕಿಟಕಿಯ ಕಡೆ ತಿರುಗಿದ್ದ. ಕಾಗದ ಮಂಡಿಯ ಮೇಲಿತ್ತು. ಬಾಯಿಪಾಠ ಒಪ್ಪಿಸುವವನ ಹಾಗೆ ತುಟಿಗಳು ಆಡುತ್ತಿದ್ದವು. ಅವಳು ಅವನ ಹಿಂದೆ ಬಂದು ನಿಂತಳು.

"ಅಣ್ಣಾ" ಅಂದಳು. ಇನ್ನೊಮ್ಮೆ, ಗಟ್ಟಿಯಾಗಿಯೇ, "ಅಣ್ಣಾ" ಅಂದಳು.

ತುಟಿಗಳು ಆಡುತ್ತಲೇ ಇದ್ದವು.

ಹಳೆಯ ಕಟ್ಟಡ, ಮೇಲಂತಸ್ತಿನ ನೆಲಕ್ಕೆ ಹಲಗೆ ಹಾಸಿದ್ದರು. ಅವಳು ಚಪ್ಪಲಿಯಿಂದ ಕಾಲು ಬಿಡಿಸಿಕೊಂಡಳು. ಅವನ ಬೂಟಿನ ಪಕ್ಕದ ಹಲಗೆಯ ಮೇಲೆ ಹಿಮ್ಮಡಿ ಇಟ್ಟು, ಸದ್ದಾಗದ ಹಾಗೆ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದಳು.

ಕಿಟಕಿಯಿಂದ ಕಣ್ಣು ತೆಗೆಯದೆ, ಮಂಡಿಯ ಮೇಲಿನ ಕಾಗದದಿಂದ, ಗಿರಣಿಯಣ್ಣನ ಬಲಗೈಯ ಒಂದು ಬೆರಳು ಮೆಲ್ಲಗೆ ಮೇಲೆದ್ದಿತು.