ದಾರ ಕತ್ತರಿಸಿದ ರಾದೊಯ್

ಏನು ಕೇಳಿದರೂ ರಾದೊಯ್ ಮಿಹೊವ್ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ನೋಡಿ ಹೇಳ್ತೀನಿ." ಚೆನ್ನಾಗಿ ಗೊತ್ತಿದ್ದ ವಿಷಯಕ್ಕೂ ಇದೇ ಉತ್ತರ. ಟುಲಿಪ್ ಗೆಡ್ಡೆಯನ್ನು ಎಷ್ಟು ಆಳಕ್ಕೆ ಹೂಳಬೇಕು ಎಂದು ನೀವು ಕೇಳಿದರೆ, ಪುರಸಭೆಯ ಸಸ್ಯತೋಟದಲ್ಲಿ ನಲವತ್ತು ವರ್ಷ ಟುಲಿಪ್ ನೆಟ್ಟ ಆ ಮನುಷ್ಯ ಮನೆಗೆ ಹೋಗಿ, ಪುಸ್ತಕ ತೆಗೆದು, ಅದರ ಮೇಲೂ ನಂಬಿಕೆ ಸಾಲದೆ ಹಿತ್ತಲಿನಲ್ಲಿ ಒಂದು ಗೆಡ್ಡೆ ಕಿತ್ತು ಅಳತೆ ಹಿಡಿದು, ನಾಲ್ಕನೆಯ ದಿನ ನಿಮ್ಮ ಬಾಗಿಲು ತಟ್ಟುತ್ತಿದ್ದ. ಅಷ್ಟರಲ್ಲಿ ಕೇಳಿದ್ದೇ ನಿಮಗೆ ಮರೆತಿರುತ್ತಿತ್ತು.

ಎಡಕ್ಕೆ ತುಸು ವಾಲಿ ನಡೆಯುತ್ತಿದ್ದ. ಅವನ ಬೂದು ಬಣ್ಣದ ಕೋಟಿನ ಎಡಜೇಬಿನಲ್ಲಿ ಚೀಟಿಗಳ ಕಂತೆಯ ಭಾರ ಇರುವುದರಿಂದಲೇ ಹಾಗೆ ಎಂದು ಊರಿನವರು ನಗುತ್ತಿದ್ದರು. ಆ ಚೀಟಿಗಳೆಲ್ಲ ನಮ್ಮ ಊರಿನ ವಾರಪತ್ರಿಕೆಗೆ. ಅದರ ಕೊನೆಯ ಪುಟ ಇಪ್ಪತ್ತೆಂಟು ವರ್ಷ ಅವನದಾಗಿತ್ತು. ಆ ಪುಟ ಜೋಡಿಸುವವನು ನಾನು. ಕೊಕ್ಕರೆಗಳು ಆಫ್ರಿಕಾದಿಂದ ಬರುವ ದಾರಿ, ದ್ರಾಕ್ಷಿ ಬಳ್ಳಿ ಸವರುವ ಹದ, ನಮ್ಮ ನದಿಯ ಹಳೆಯ ಸೇತುವೆ ಕಟ್ಟಿದವರ ಕತೆ, ವಿಯೆನ್ನಾದ ಉದ್ಯಾನಗಳು, ಲಿಸ್ಬನ್ನಿನ ಏರುಬೀದಿಗಳು, ಎಲ್ಲವೂ ಅಲ್ಲಿ ಬರುತ್ತಿದ್ದವು. ಪ್ರತಿ ಗುರುವಾರ ಹತ್ತು ಗಂಟೆಗೆ ಬಂದು, ಚೀಟಿಗಳನ್ನು ನನ್ನ ಮೇಜಿನ ಮೇಲೆ ಹರಡಿ, ನಾನು ಅಕ್ಷರ ಜೋಡಿಸಿ ಮುಗಿಸುವ ತನಕ ಹಿಂದೆ ನಿಂತಿರುತ್ತಿದ್ದ.

ವಿಯೆನ್ನಾ, ಲಿಸ್ಬನ್ ಎಂದು ಬರೆದವನು ಬಲ್ಗೇರಿಯದ ಗಡಿ ದಾಟಿದವನೇ ಅಲ್ಲ. ಮೊದಲು ಪಾಸ್‌ಪೋರ್ಟ್ ಸಿಗದ ಕಾಲ, ಆಮೇಲೆ ದುಡ್ಡು ಸಾಲದ ಕಾಲ. ಅದಕ್ಕೇ ಪ್ರವಾಸದ ಟಿಪ್ಪಣಿಯ ಕೆಳಗೆಲ್ಲ 'ನಾನು ಕಂಡಿಲ್ಲ, ಕಂಡವರು ಹೇಳಿದ್ದು' ಎಂಬ ಸಾಲು ಇರಲೇಬೇಕು. ಜಾಗ ಸಾಲದೆ ನಾನು ಒಮ್ಮೆ ಅದನ್ನು ಬಿಟ್ಟದ್ದಕ್ಕೆ ಇಡೀ ಪುಟವನ್ನು ಮತ್ತೆ ಜೋಡಿಸುವಂತೆ ಮಾಡಿದ್ದ. ಕಂಡವನು ಪಕ್ಕದ ಮನೆಯ ಗೆಂಚೊ, ದೂರದೇಶಗಳಿಗೆ ಲಾರಿ ಓಡಿಸುವವನು. ಯಾವ ಇಗರ್ಜಿಗೆ ಎಷ್ಟು ಮೆಟ್ಟಿಲು, ಯಾವ ಬೀದಿಯಲ್ಲಿ ಯಾವ ಮರ ಎಂದು ರಾದೊಯ್ ಅವನ ಕೈಗೆ ಪಟ್ಟಿ ಕೊಟ್ಟು ಕಳಿಸುತ್ತಿದ್ದ. "ಅಣ್ಣಾ, ನಾನು ಟೊಮ್ಯಾಟೊ ಇಳಿಸ್ಲೋ, ಮೆಟ್ಲು ಎಣಿಸ್ಲೋ? ಪೊಲೀಸ್ನೋರು ನನ್ನ ಹುಚ್ಚ ಅಂತ ಹಿಡ್ಕೊಂಡು ಹೋದ್ರೆ ನೀನು ಬರ್ತೀಯಾ ಬಿಡಿಸೋಕೆ?" ಎಂದು ಗೆಂಚೊ ರೇಗಿಸುತ್ತಿದ್ದ. ಒಮ್ಮೆ ಬೇಸರಕ್ಕೆ ನಲವತ್ತು ಮೆಟ್ಟಿಲು ಎಂದುಬಿಟ್ಟ. ದುಂಡುಸಂಖ್ಯೆ ನೋಡಿ ರಾದೊಯ್‌ಗೆ ಅನುಮಾನ ಬಂತು. ಬೇರೆ ಚಾಲಕನೊಬ್ಬ ಮೂವತ್ತೇಳು ಎನ್ನುವ ತನಕ ಎಂಟು ತಿಂಗಳು ಆ ಟಿಪ್ಪಣಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ.

ಮಾರ್ಚ್ ಒಂದರಂದು ನಾವೆಲ್ಲ ಆರೋಗ್ಯ ಬಯಸಿ ಕೈಗೆ ಕಟ್ಟಿಕೊಳ್ಳುವ ಕೆಂಪು ಬಿಳಿ ದಾರವನ್ನು, ಮೊದಲ ಕೊಕ್ಕರೆಯೋ ಮೊದಲ ಹೂವೋ ಕಣ್ಣಿಗೆ ಬಿದ್ದ ದಿನ ಬಿಚ್ಚಿ, ಹೂಬಿಟ್ಟ ಕೊಂಬೆಗೆ ಕಟ್ಟುತ್ತೇವೆ. ಹಿಂದೆ ಅದು ಉಣ್ಣೆಯ ನೂಲು. ಮಳೆ ಬಿಸಿಲಿಗೆ ತಾನೇ ಕೊಳೆತು ಉದುರುತ್ತಿತ್ತು. ಈಗಿನದು ನೈಲಾನ್. ಶಾಲೆಯ ಮುಂದೆ ರಾದೊಯ್ ನೆಟ್ಟಿದ್ದ ಹನ್ನೆರಡು ಪ್ಲಮ್ ಗಿಡಗಳಲ್ಲಿ ಎರಡರ ತುದಿ ಒಣಗಿತ್ತು. ಬಿಡಿಸಿ ನೋಡಿದರೆ ದಾರ ತೊಗಟೆಯೊಳಕ್ಕೆ ಇಳಿದಿತ್ತು. ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಬೆಳಿಗ್ಗೆ, ಹೊಲಿಗೆಯ ಪುಟ್ಟ ಕತ್ತರಿ ಹಿಡಿದು ಎಲ್ಲ ದಾರಗಳನ್ನೂ ಒಂದೊಂದಾಗಿ ಕತ್ತರಿಸಿದ. ಆ ವಾರ ಅದನ್ನೇ ಬರೆದ: ಕಟ್ಟಿ, ಆದರೆ ಉಣ್ಣೆಯದನ್ನು ಕಟ್ಟಿ, ಸಡಿಲವಾಗಿ ಕಟ್ಟಿ.

ಬ್ರೆಡ್ ಮಾಡಿ ಮಾರುವ ನೆವೆನಾಳ ಮೊಮ್ಮಗಳು ಅದೇ ವಾರ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದಳು. ಅವಳ ದಾರವೂ ಆ ಗಿಡಗಳಲ್ಲಿ ಇತ್ತಂತೆ. ಹುಡುಗಿ ಹತ್ತೇ ದಿನಕ್ಕೆ ಗುಣವಾಗಿ ಮನೆಗೆ ಬಂದಳು, ಸಿಟ್ಟು ಮಾತ್ರ ಗುಣವಾಗಲಿಲ್ಲ. ಬ್ರೆಡ್ಡಿಗೆ ನಿಂತವರ ಎದುರೇ ನೆವೆನಾ, "ಮಕ್ಕಳ ಆಯಸ್ಸಿಗೆ ಕತ್ತರಿ ಹಾಕೋ ಮುದುಕಂಗೆ ನನ್ನ ಅಂಗಡೀಲಿ ಬ್ರೆಡ್ ಇಲ್ಲ" ಎಂದಳು. ಮಕ್ಕಳಿಲ್ಲದ ವಿಧುರನಿಗೆ ಆಡಬೇಕಾದ ಮಾತಲ್ಲ ಅದು. ಅವನು ಕೇಳಿಸಿಕೊಂಡು, ಸಾಲಿನಿಂದ ಹೊರಬಂದು, ಎಂದಿನಂತೆ ವಾಲಿಕೊಂಡು ಮನೆಗೆ ನಡೆದ. ಪತ್ರಿಕೆ ಬೇಡವೆಂದು ಅರವತ್ತು ಮನೆಯವರು ಹೇಳಿ ಕಳಿಸಿದರು. ಕ್ಷಮಾಪಣೆ ಬರಬೇಕು, ಇಲ್ಲವಾದರೆ ಆ ಪುಟವೇ ಬೇಡ ಎಂದು ಮಾಲೀಕ ಕ್ರುಮ್ ಪೆನೆವ್ ನನಗೆ ಹೇಳಿದ. ನಾನು ರಾದೊಯ್‌ಗೆ ತಿಳಿಸಿದೆ. ನೆವೆನಾಗೆ ನೋವಾದದ್ದಕ್ಕೆ ಬೇಕಾದರೆ ಅವಳ ಮನೆಗೇ ಹೋಗಿ ಕ್ಷಮೆ ಕೇಳುತ್ತೇನೆ, ಪುಟದಲ್ಲಿ ಮಾತ್ರ ಏನೂ ಬರೆಯಲಾರೆ ಎಂದ.

ಆ ಪುಟ ಹೋದರೆ ಇವನು ಬದುಕುವುದಿಲ್ಲ ಎಂದು ನನಗೆ ಅನಿಸಿತು. ಅವನಿಗೆ ಹೇಳದೆ, ಅವನ ಹೆಸರಿನಲ್ಲಿ ನಾನೇ ಮೂರು ಸಾಲು ಬರೆದು ಪುಟಕ್ಕೆ ಸೇರಿಸಿದೆ: ವಸಂತದ ದಾರದಿಂದ ಗಿಡಗಳಿಗೆ ಯಾವ ಹಾನಿಯೂ ಇಲ್ಲವೆಂದು ಈಗ ತಿಳಿದಿದೆ, ನನ್ನಿಂದ ತಪ್ಪಾಯಿತು, ಓದುಗರು ಮನ್ನಿಸಬೇಕು. ಕ್ರುಮ್ ಸಂತೋಷಪಟ್ಟ.

ಪತ್ರಿಕೆ ಹೊರಬಂದ ಮರುದಿನ ರಾದೊಯ್‌ನ ಅಡುಗೆಮನೆಗೆ ಹೋದೆ. ಪತ್ರಿಕೆ ಮೇಜಿನ ಮೇಲಿತ್ತು. ನನಗೆ ಚಹಾ ಸುರಿದುಕೊಟ್ಟು ಹೇಳಿದ:

"ಕ್ಷಮೆ ಕೇಳಿಸ್ದೆ ಅಂತ ಬೇಜಾರಿಲ್ಲ ಕಣೋ ದಿಮೊ. ದಾರ ಗಿಡಕ್ಕೆ ಏನೂ ಮಾಡಲ್ಲ ಅಂತ ಬರ್ದೆಯಲ್ಲ. ಅದನ್ನ ನಾನೇ ಹೇಳಿದ್ದು ಅಂತ ಜನ ನಂಬ್ತಾರೆ. ಇಪ್ಪತ್ತೆಂಟು ವರ್ಷದಿಂದ ನಂಬಿದಾರೆ, ಇದನ್ನೂ ನಂಬ್ತಾರೆ."

ಮುಂದಿನ ವಾರ ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಕ್ರುಮ್ ಒಪ್ಪಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ. ನನಗೂ ಅಲ್ಲಿ ಸಂಬಳ ಇತ್ತು. ಆ ಗುರುವಾರ ರಾದೊಯ್ ಬರಲಿಲ್ಲ. ಆಮೇಲೆ ಯಾವ ಗುರುವಾರವೂ ಬರಲಿಲ್ಲ. ನಾನು ಹೋದಾಗಲೆಲ್ಲ ಚಹಾ ಕೊಟ್ಟ, ಚಳಿಯ ಮಾತಾಡಿದ, ಒಮ್ಮೆಯೂ ನನ್ನನ್ನು ದೂರಲಿಲ್ಲ. ಮರುವರ್ಷದ ವಸಂತದಲ್ಲಿ ಆ ಗಿಡಗಳಿಗೆ ಜನ ಎರಡರಷ್ಟು ದಾರ ಕಟ್ಟಿದರು. ರಾದೊಯ್ ಅವರೇ ಏನೂ ಆಗಲ್ಲ ಅಂತ ಬರೆದಿದಾರಲ್ಲ ಎಂದು ಶಾಲೆಯ ಟೀಚರು ನನಗೇ ಹೇಳಿದಳು.

ಈ ಜನವರಿಯಲ್ಲಿ ರಾದೊಯ್ ತೀರಿಕೊಂಡ. ಮಣ್ಣು ಮಾಡಿದ ಮೇಲೆ, ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ನೆವೆನಾಳೇ ಮಾಡಿ ತಂದಿದ್ದಳು. ನನ್ನ ಅಂಗೈಗೆ ಒಂದು ಚಮಚ ಹಾಕಿ, ಕಣ್ಣೊರೆಸಿಕೊಂಡು ಹೇಳಿದಳು: "ಮೊಂಡ, ಆದ್ರೆ ದೊಡ್ಡ ಮನುಷ್ಯ ಕಣಪ್ಪ. ತನ್ನ ತಪ್ಪು ತಾನೇ ಬರೆದು ಒಪ್ಕೊಂಡ. ಯಾರು ಒಪ್ಕೋತಾರೆ ಈ ಕಾಲದಲ್ಲಿ?" ಸುತ್ತ ನಿಂತವರು ಹೌದು ಹೌದು ಎಂದರು. ನಾನು ಗೋಧಿ ತಿಂದೆ.

ಸಣ್ಣ ಸಂಗತಿಗಳನ್ನು ಸರಿಯಾಗಿ ಹೇಳಬೇಕೆಂದು ಹಟ ಹಿಡಿದವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಆಸ್ತಿಯೆಂದರೆ ತಮ್ಮ ಹೆಸರಿನ ಕೆಳಗೆ ಸುಳ್ಳು ಇಲ್ಲವೆಂಬುದಷ್ಟೇ. ಶತ್ರುಗಳು ಅವರ ಬ್ರೆಡ್ ನಿಲ್ಲಿಸಬಹುದು, ಪುಟ ಕಿತ್ತುಕೊಳ್ಳಬಹುದು. ಆ ಆಸ್ತಿಯ ತನಕ ಶತ್ರುಗಳ ಕೈ ಹೋಗುವುದಿಲ್ಲ. ಅದಕ್ಕೆ ಮನೆಯೊಳಗೆ ಬಂದು ಚಹಾ ಕುಡಿಯುವ, ಅವರ ಒಳ್ಳೆಯದನ್ನೇ ಬಯಸುವ ಒಬ್ಬ ಗೆಳೆಯ ಬೇಕು.