ಆಚೆ ಕಡೆಯ ನಂಬರು

ನಮ್ಮವರಿಗೂ ನಮ್ಮಣ್ಣನಿಗೂ ಎಂಟು ತಿಂಗಳು ಮಾತು ಬಿಟ್ಟದ್ದು ಆಸ್ತಿಗಲ್ಲ, ಒಂದು ಗೂಡ್ಸ್ ಎಂಜಿನ್ನಿನ ನಂಬರಿಗೆ. ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ. ಇಬ್ಬರ ನಡುವೆ ಸಿಕ್ಕಿಬಿದ್ದ ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ನಮ್ಮ ಮನೆ ಗೂಡ್ಸ್ ಯಾರ್ಡಿನ ಈಚೆಗೆ, ಅಣ್ಣನ ಮನೆ ಆಚೆಗೆ. ನಡುವೆ ಹನ್ನೊಂದು ಜೊತೆ ಹಳಿ, ಅವುಗಳ ಮೇಲೊಂದು ಕಬ್ಬಿಣದ ಸೇತುವೆ, ಸೇತುವೆಗೆ ಎರಡೂ ಕಡೆ ಅರವತ್ತೆರಡು ಮೆಟ್ಟಿಲು. ನಮ್ಮವರು ಬೋರ್ಡು ಬರೆಯುವ ಪೇಂಟರ್. ಅಣ್ಣ ಗಡಿಯಾರ ರಿಪೇರಿಯವನು. ಮೂವತ್ತೊಂದು ವರ್ಷದ ಹಿಂದೆ ಮದುವೆ ಮಾತಾಡಲು ಬಂದ ನಮ್ಮವರು ಕಿಟಕಿಯಾಚೆ ಹೋಗುತ್ತಿದ್ದ ಎಂಜಿನ್ ನೋಡಿ, “ಅದು ಆರು ಜೊತೆ ಚಕ್ರದ್ದು” ಎಂದರು. ಅಣ್ಣ, “ಅಲ್ಲ, ನಾಲ್ಕೇ” ಎಂದ. ಇಬ್ಬರೂ ಎದ್ದು ಓಡಿದರು. ನಾನು ಚಹಾದ ತಟ್ಟೆ ಹಿಡಿದು ಬೆಪ್ಪಾಗಿ ನಿಂತಿದ್ದೆ. ನನ್ನನ್ನು ನೋಡಿ ಒಪ್ಪಿದಿರೋ ಯಾರ್ಡನ್ನು ನೋಡಿಯೋ ಎಂದು ಇವತ್ತಿಗೂ ಕೇಳುತ್ತೇನೆ.

ಅಂದಿನಿಂದ ಅವರ ಆಟಕ್ಕೆ ಎರಡು ಕಟ್ಟಳೆ. ಸಂಜೆ ಐದರಿಂದ ಆರರವರೆಗೆ ಇವರು ನಮ್ಮ ಬೇಲಿಯ ಪಕ್ಕ ಸ್ಟೂಲು ಹಾಕಿ ಕೂರಬೇಕು, ಅಣ್ಣ ತನ್ನ ಮಹಡಿಯ ಮೇಲೆ. ಆರೂವರೆಗೆ ಫೋನು. ಇಬ್ಬರೂ ಕಂಡ ನಂಬರನ್ನು ಮಾತ್ರ ಪುಸ್ತಕಕ್ಕೆ ಬರೆಯಬೇಕು. ಒಬ್ಬರೇ ಕಂಡರೆ ಕಂಡ ಲೆಕ್ಕವಲ್ಲ. ಎರಡನೆಯದು, ಯಾರ್ಡಿನವರನ್ನು ಕೇಳಬಾರದು. ಕೇಳಿ ಬರೆಯುವುದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗಂತೆ!

ಜಗಳವಾದ ಸಂಜೆ ಬಂದದ್ದು ಒಂದೇ ಎಂಜಿನ್. ರಿಪೇರಿ ಮುಗಿಸಿಕೊಂಡು ಬಂದ ಡೀಸೆಲ್ಲು, ಮೂತಿಯ ಮೇಲಿನ ನಂಬರು ಎಣ್ಣೆಮಸಿಯಲ್ಲಿ ಮುಚ್ಚಿಹೋಗಿತ್ತು. ಡ್ರೈವರ್ ಕೋಣೆಯ ಪಕ್ಕದಲ್ಲಿದ್ದದ್ದನ್ನೇ ಓದಬೇಕು.

“ಮುನ್ನೂರ ಹದಿನಾರು” ಎಂದರು ನಮ್ಮವರು ಫೋನಿನಲ್ಲಿ.

“ಮುನ್ನೂರ ಐವತ್ತೆರಡು, ಭಾವ” ಎಂದ ಅಣ್ಣ. ಮೊದಲಿಂದಲೂ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ.

“ನಂಬರ್ ಬರೆದೇ ಹೊಟ್ಟೆ ಹೊರೀತಿರೋನು ನಾನು. ನನಗೆ ಓದೋಕೆ ಬರಲ್ವಾ?”

“ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋನು ನಾನು. ನನ್ನ ಕಣ್ಣಿಗೆ ಬಂತಾ ಮಾತು?”

“ಹಾಗಾದ್ರೆ ಇಷ್ಟು ವರ್ಷ ನಿಮ್ಮ ಮಾತು ನಂಬಿ ಬರ್ಕೊಂಡಿದ್ದೇ ತಪ್ಪಾಯ್ತು, ಬಿಡಿ!”

ಫೋನು ಕಟ್ಟಾಯಿತು. ಆ ಎಂಜಿನ್ ವಾರಕ್ಕೆ ಮೂರು ಸಲ ಬರುತ್ತಿತ್ತು, ಬಂದಾಗಲೆಲ್ಲ ಇವರಿಗೆ ಹದಿನಾರೇ ಕಾಣುತ್ತಿತ್ತು, ಅವನಿಗೆ ಐವತ್ತೆರಡೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಕೂತರು. ಆರೂವರೆ ಆದರೆ ನಮ್ಮವರು ಫೋನಿನ ಕಡೆ ಒಮ್ಮೆ ನೋಡಿ, ಯಾವತ್ತೋ ತೊಳೆದಿಟ್ಟ ಕುಂಚಗಳನ್ನು ಮತ್ತೆ ತೊಳೆಯಲು ಹೋಗುತ್ತಿದ್ದರು.

ಅಷ್ಟರಲ್ಲಿ ನರ್ಸ್ ಆಗಿರುವ ಅತ್ತಿಗೆಗೆ ವರ್ಗವಾಯಿತು. ಹೋಗಬೇಕಾದ ಊರಿಗೆ ರೈಲೇ ಇಲ್ಲ. ಭಾನುವಾರ ಲಾರಿ ಬರುತ್ತದೆ ಎಂದು ಗೊತ್ತಾಯಿತು. ಮಾತಿಲ್ಲದೆ ದೂರವಾದವರು ಮತ್ತೆ ಹತ್ತಿರವಾಗುವುದು ಕಷ್ಟ. ತವರು ಎಂದು ನನಗಿದ್ದದ್ದು ಆ ಮಹಡಿ ಮನೆಯೊಂದೇ.

ಗುರುವಾರ, ಪಾತ್ರೆ ಪಡಗವೆಲ್ಲ ಗಂಟು ಕಟ್ಟಿದ್ದಾರಲ್ಲ ಎಂದು ಊಟದ ಡಬ್ಬಿ ಹಿಡಿದು ಹೊರಟೆ. ಸೇತುವೆಯ ಬುಡದಲ್ಲೇ ಆ ಎಂಜಿನ್ ನಿಂತಿತ್ತು, ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿಕೊಂಡು. ಮುನ್ನೂರ ಹದಿನಾರು. ನಮ್ಮವರೇ ಸರಿ ಎಂದುಕೊಂಡು ಹತ್ತಿ, ಆಚೆಗಿಳಿದು ತಿರುಗಿ ನೋಡಿದೆ. ಅದೇ ಎಂಜಿನ್, ಅದೇ ಕೆಂಪು ಬಟ್ಟೆ. ಮುನ್ನೂರ ಐವತ್ತೆರಡು!

ಕೊನೆಯ ಮೆಟ್ಟಿಲ ಮೇಲೆ ಅದರ ಡ್ರೈವರು ಕೂತು ಚಹಾ ಕುಡಿಯುತ್ತಿದ್ದ. ಕೇಳಬಾರದೆಂಬ ಕಟ್ಟಳೆ ನನಗೇನಿಲ್ಲವಲ್ಲ, ಕೇಳಿಯೇಬಿಟ್ಟೆ.

“ಅದಾ? ಎರಡು ಎಂಜಿನ್ ಡಿಕ್ಕಿ ಹೊಡ್ಕೊಂಡಿದ್ವಮ್ಮ. ನಜ್ಜುಗುಜ್ಜಾದ ಪಕ್ಕ ಕಿತ್ತು, ಇನ್ನೊಂದರ ಪಕ್ಕ ತಂದು ಕೂರಿಸಿದ್ರು. ಅಳಿಸಿ ಬರೆಯೋಕೆ ಪೇಂಟರ್ ಸಿಕ್ಕಿಲ್ಲ ಅಂತೆ. ಇಲ್ಲಿ ತಿರುಗಿಸೋಕೂ ಜಾಗ ಇಲ್ಲ, ಬಂದ ಹಾಗೇ ಹಿಂದಕ್ಕೆ ಹೋಗ್ತೀವಿ. ಯಾರ್ಡಲ್ಲಿ ಎಲ್ಲರಿಗೂ ಗೊತ್ತು, ಅತ್ತಿಗೆ-ನಾದಿನಿ ಅಂತ ಕರೀತೀವಿ. ಇರೋದು ಒಂದೇ ಮನೇಲಿ, ಮುಖ ಮಾತ್ರ ಆಚೆಗೊಂದು ಈಚೆಗೊಂದು.”

ನನಗೆ ನಗುವೂ ಬಂತು, ಅಳುವೂ ಬಂತು. ಕಾಗದಪತ್ರದಲ್ಲಿ ಯಾವುದು ಸರಿಯೆಂದು ಹೇಳಲು ಅವನು ಬಾಯಿ ತೆರೆದ. “ಬೇಡಪ್ಪ, ಅದೊಂದು ಹೇಳಬೇಡ” ಎಂದೆ.

ಅಣ್ಣನ ಮುಂದೆಯೂ ಬಾಯಿಬಿಡಲಿಲ್ಲ. ಹೇಳಿದರೆ ನಂಬುವ ಪೈಕಿಯೇ ಇವರು? ಕಣ್ಣಾರೆ ಕಾಣಬೇಕು. ಆದರೆ ನಮ್ಮವರು ಮಂಡಿನೋವೆಂದು ಸೇತುವೆ ಹತ್ತದೆ ಎರಡು ವರ್ಷವಾಗಿತ್ತು. ಜಗಳಕ್ಕೆ ಮುಂಚೆ, ಬೇಕೆಂದಾಗ ಅಣ್ಣನೇ ಬರುತ್ತಿದ್ದ. ಶನಿವಾರ ಐದಕ್ಕೆ ಎಂಜಿನ್ ಬಂದು ನಿಂತದ್ದೇ ಸ್ಟೂಲಿನ ಮುಂದೆ ಹೋಗಿ ನಿಂತೆ.

“ರೀ, ಏಳಿ. ಸೇತುವೆ ಹತ್ತಬೇಕು.”

“ನನ್ನ ಮಂಡಿ...”

“ಹತ್ತಿದ್ರೆ ಸರಿ. ಇಲ್ಲಾಂದ್ರೆ ನಾಳೆ ನಾನೂ ಅಣ್ಣನ ಲಾರಿ ಹತ್ತಿ ಹೋಗ್ತೀನಿ. ಆಮೇಲೆ ಅನ್ನ ಬೇಯಿಸ್ಕೊಳ್ಳೋದನ್ನೂ ಕುಂಚದಲ್ಲೇ ಮಾಡ್ಕೊಳ್ಳಿ.”

ಹತ್ತು ಮೆಟ್ಟಿಲಿಗೊಮ್ಮೆ ನಿಂತು, ನಿಂತಾಗೊಮ್ಮೆ ನನ್ನ ವಂಶವನ್ನೆಲ್ಲ ಬೈದು, ಅಂತೂ ಹತ್ತಿ ಇಳಿದರು. ಎಂಜಿನ್ ಕಡೆ ತಿರುಗಿಸಿ ನಿಲ್ಲಿಸಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಡ್ರೈವರು ಹೇಳಿದ್ದನ್ನು ಆಗ ಹೇಳಿದೆ.

ಮಹಡಿಯ ಮೇಲೆ ಅಣ್ಣ ಹಗ್ಗದ ಉಂಡೆ ಹಿಡಿದು ನೋಡುತ್ತಾ ನಿಂತಿದ್ದ.

“ಭಾವ, ಐವತ್ತೆರಡೇ!” ಎಂದು ಕೆಳಗಿನಿಂದ ಇವರು ಕೂಗಿದರು. “ಅವತ್ತು ಆಡಬಾರದ ಮಾತಾಡಿಬಿಟ್ಟೆ. ಹೋಗಿ, ನನ್ನ ಕಡೆಯಿಂದಾನೂ ಒಂದ್ಸಲ ನೋಡ್ಕೊಂಡು ಬನ್ನಿ.”

ಅಣ್ಣ ಸೇತುವೆ ದಾಟಿ ಓಡಿದ. ಐದು ನಿಮಿಷದಲ್ಲಿ ಏದುಸಿರು ಬಿಡುತ್ತಾ ವಾಪಸ್ಸು ಬಂದು, “ಹದಿನಾರು, ಭಾವ” ಎಂದು ಇವರ ಕೈ ಹಿಡಿದುಕೊಂಡ. ಎಂಟು ತಿಂಗಳು ವ್ಯರ್ಥವಾಯಿತಲ್ಲ ಎಂದು ನನಗೆ ಸಿಟ್ಟು ಬಂತು, ಇಬ್ಬರನ್ನೂ ಬೈದೆ. ಅತ್ತಿಗೆ ಒಳಗಿನಿಂದಲೇ ನನ್ನ ಜೊತೆ ದನಿಗೂಡಿಸಿದಳು.

ಭಾನುವಾರ ಲಾರಿ ಹೋಯಿತು.

ಸೋಮವಾರ ಸಂಜೆ ಬೇಲಿಯ ಪಕ್ಕ ಸ್ಟೂಲು ಖಾಲಿಯಿತ್ತು. ನಮ್ಮವರು ಮನೆಗೆ ಬಂದದ್ದು ಆರು ಇಪ್ಪತ್ತಕ್ಕೆ, ಗೋಡೆ ಹಿಡಿದುಕೊಂಡು, ಕುಂಟುತ್ತಾ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತರು. ಇಬ್ಬರೂ ಕಂಡರೆ ಮಾತ್ರ ಬರೆಯುವ ಪುಸ್ತಕ ಅದು. ಇನ್ನು ಅದರ ಕಥೆ ಮುಗಿಯಿತು ಎಂದುಕೊಂಡೆ. ಆರೂವರೆಗೆ ಫೋನು ಬಂತು.

“ಇವತ್ತು ಏನು ಬಂತು ಭಾವ?”

“ಮುನ್ನೂರ ಐವತ್ತೆರಡು.”

ನಮ್ಮ ಬೇಲಿಯಿಂದ ಆ ನಂಬರು ಕಾಣುವುದಿಲ್ಲ. ಅಣ್ಣನಿಗೂ ಅದು ಹೊಳೆದಿರಬೇಕು.

“ಮಂಡಿ ಹೇಗಿದೆ?” ಎಂದ.

“ಮಂಡಿ ವಿಷಯ ಯಾಕೀಗ? ನೀವು ಕಂಡ್ರೋ ಇಲ್ವೋ ಅದು ಹೇಳಿ. ಇಬ್ಬರೂ ಕಂಡಿದ್ರೆ ಮಾತ್ರ ಬರೆಯೋದು.”

“ಕಂಡೆ ಭಾವ” ಎಂದ ಅಣ್ಣ, ರೈಲೇ ಇಲ್ಲದ ಊರಿನಿಂದ. “ಬರ್ಕೊಳ್ಳಿ.”

ಮೂವತ್ತೊಂದು ವರ್ಷದಲ್ಲಿ ಆ ಪುಸ್ತಕಕ್ಕೆ ಬಿದ್ದ ಮೊದಲ ಸುಳ್ಳು ಅದು. ನಮ್ಮವರು ಅದನ್ನು ತುಂಬ ಹೊತ್ತು ತೆಗೆದುಕೊಂಡು, ಬಹಳ ಮುದ್ದಾಗಿ ಬರೆದರು.