ಪ್ರತಿವರ್ಷ ಬರುವ ಫೋಟೊ

ಸೇತುವೆ ದುರಂತದ ದಿನ ಬಂತೆಂದರೆ ನಮ್ಮ ಮನೆಯೊಳಗೆ ಪೇಪರ್ ಬರುವಂತಿಲ್ಲ. ಹಿಂದಿನ ದಿನವೇ ಪೇಪರಿನವನಿಗೆ ಹೇಳಿರುತ್ತೇನೆ. ಆದರೂ ಬೆಳಿಗ್ಗೆ ಎದ್ದವಳೇ ಜೀವ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಸಂದಿ ನೋಡುತ್ತೇನೆ.

ಕಾರಣ ಒಂದು ಫೋಟೊ. ರೈಲು ನದಿಗೆ ಬಿದ್ದ ದಿನ ದಡದಲ್ಲಿ ಎರಡೂ ಕೈ ಮೇಲೆತ್ತಿ ಗೋಳಾಡುತ್ತಿದ್ದ, ಆ ಫೋಟೊದಲ್ಲಿನ ಹೆಂಗಸು ನನ್ನ ಅತ್ತೆ. ಕೆಳಗೆ ‘ಮಗನನ್ನು ಕಳೆದುಕೊಂಡ ತಾಯಿ’ ಎಂದು ಹಾಕಿದರು. ಆ ಮಗ ಮಾರನೇ ದಿನ ಆಸ್ಪತ್ರೆಯಲ್ಲಿ ಸಿಕ್ಕಿದ. ಆಮೇಲೆ ನನ್ನನ್ನು ಮದುವೆಯಾದ. ನನ್ನ ಗಂಡ ಈಗಲೂ ಗುಂಡುಕಲ್ಲಿನ ಹಾಗಿದ್ದಾರೆ, ಗೊರಕೆ ಹೊಡೆದು ನನ್ನ ನಿದ್ದೆ ಕೆಡಿಸುತ್ತಾರೆ. ಅವರು ಬದುಕಿರುವುದನ್ನೂ ಪೇಪರಿನವರು ಹಾಕಿದ್ದರಂತೆ, ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ ನಾಲ್ಕು ಸಾಲು. ಯಾರು ಓದುತ್ತಾರೆ? ದೇಶಕ್ಕೆ ಅಳುವ ತಾಯಿಯೇ ಬೇಕಿತ್ತು. ಇಪ್ಪತ್ತು ವರ್ಷದಿಂದ ಅದೇ ಫೋಟೊ, ಅದೇ ಸಾಲು.

ಮೊದಲೆಲ್ಲ ಅತ್ತೆ ನಗುತ್ತಿದ್ದರು. “ನೋಡೋ, ಈ ವರ್ಷಾನೂ ನಿನ್ನ ಸಾಯಿಸಿದಾರೆ” ಎಂದು ಮಗನಿಗೆ ಪೇಪರ್ ತೋರಿಸುತ್ತಿದ್ದರು. ಆಮೇಲೆ ಮರೆವು ಶುರುವಾಯಿತು. ಮೂರು ವರ್ಷದ ಹಿಂದೆ ಫೋಟೊ ನೋಡಿ ಊಟ ಬಿಟ್ಟು ಅತ್ತರು. ಮಗ ಎದುರು ನಿಂತು “ಅಮ್ಮಾ, ನಾನೇ” ಎಂದು ಹತ್ತು ಸಲ ಹೇಳಿದ ಮೇಲೆ ಗುರುತು ಹತ್ತಿತು. ಮುಂದಿನ ಸಲ ಹತ್ತದಿದ್ದರೆ? ಆವತ್ತಿನಿಂದ ಆ ಭಯ ನನ್ನನ್ನು ಬಿಟ್ಟಿಲ್ಲ.

ಈ ಸಲ ಟಿವಿ ವೈರನ್ನೂ ಕಿತ್ತಿಟ್ಟೆ. ಪೇಪರ್ ಹಿಡಿದು ಬಂದ ಎದುರುಮನೆಯಾಕೆಯನ್ನು ಬಾಗಿಲಲ್ಲೇ ಸಾಗಹಾಕಿದೆ. ಮುಖ ಊದಿಸಿಕೊಂಡು ಹೋದಳು, ಹೋಗಲಿ. ಸಂಜೆಯಾಯಿತು. ಗೆದ್ದೆ ಅಂದುಕೊಂಡೆ.

ಅತ್ತೆ ಮೊನ್ನೆ ತಮ್ಮ ಲೋಟ ಒಡೆದಿದ್ದರು. ಗಂಡ ಕೆಲಸದಿಂದ ಬರುತ್ತ ಅಂಥದೇ ಗಾಜಿನ ಲೋಟ ತಂದು ಅವರ ಕೈಗೆ ಕೊಟ್ಟರು. ಅಂಗಡಿಯವನು ಅದನ್ನು ಬೆಳಗಿನ ಪೇಪರಿನಲ್ಲೇ ಸುತ್ತಿಕೊಟ್ಟಿದ್ದ. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅತ್ತೆ ಲೋಟ ಪಕ್ಕಕ್ಕಿಟ್ಟು, ಪೇಪರನ್ನು ಮಡಿಲಲ್ಲಿ ಹರಡಿ, ಅಂಗೈಯಿಂದ ಸುಕ್ಕು ಬಿಡಿಸುತ್ತಿದ್ದರು.

ಗಂಡ ಅವರ ಕಾಲ ಬಳಿ ಕೂತರು. “ಅಮ್ಮಾ, ನಾನೇ. ಇಲ್ಲೇ ಇದೀನಿ ನೋಡು.”

ಅತ್ತೆ ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ಫೋಟೊ ನೋಡಿದರು.

“ಪೇಪರಲ್ಲೇ ಹಾಕಿದಾರಲ್ಲಪ್ಪಾ.”

“ಅದು ತಪ್ಪಮ್ಮಾ. ನಾನು ಬದುಕಿದೀನಿ.”

ಅತ್ತೆ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರು ಮಗನ ತಲೆಯನ್ನು ಮೆಲ್ಲಗೆ ಸವರಿದರು.

“ಕತ್ತಲಾಯ್ತು, ಮನೆಗೆ ಹೋಗಪ್ಪಾ. ನಿನ್ನ ತಾಯಿ ಕಾಯ್ತಿರ್ತಾಳೆ.”